ಅಪ್ಪನ ಕಣ್ಣಿನ ಚೌಕ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇಳಕಲ್‌ನಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಚಿತ್ರಕಲೆಯಲ್ಲಿ ಪದವಿ ಪಡೆದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವ ಬೇರೆಯವರ ಮಗ್ಗಕ್ಕೆ ನೂಲು ಸುತ್ತಿ ನನ್ನನ್ನು ಓದಿಸಿದಳು. ಫಲಿತಾಂಶ ಬಂದ ದಿನ ಅವಳು ನೌಕರಿಯ ಮಾತೆತ್ತಲಿಲ್ಲ. ಗೋಡೆಯ ಮೇಲಿದ್ದ ಅಪ್ಪನ ಫೋಟೊ ಇಳಿಸಿ ನನ್ನ ಮುಂದಿಟ್ಟಳು.

"ನಿಮ್ಮಪ್ಪ ಕಣ್ಣು ಬಿಟ್ಟಂಗ ಒಂದು ಚಿತ್ರ ತಗಿ. ಮತ್ತೇನೂ ಬ್ಯಾಡ ನನಗ."

ಅಪ್ಪನದು ಅದೊಂದೇ ಫೋಟೊ, ಸತ್ತ ಮೇಲೆ ತೆಗೆಸಿದ್ದು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕುತ್ತಾರೆ. ಹಾಗೆ ಕೂತಾಗಲೇ ಯಾರೋ ಫೋಟೊದವನನ್ನು ಕರೆತಂದಿದ್ದರಂತೆ. ಆಗ ನಾನು ತೊಟ್ಟಿಲ ಕೂಸು.

ಫೋಟೊದ ಝೆರಾಕ್ಸ್ ಮಾಡಿಸಿ, ಅದರ ಮೇಲೆ ಅಡ್ಡಡ್ಡ ಉದ್ದುದ್ದ ಗೆರೆ ಎಳೆದೆ. ಡ್ರಾಯಿಂಗ್ ಶೀಟಿನ ಮೇಲೂ ಅಷ್ಟೇ ಚೌಕಗಳು, ಆದರೆ ದೊಡ್ಡವು. ಒಂದು ಚೌಕದಲ್ಲಿ ಏನಿದೆಯೋ ಅದನ್ನಷ್ಟೇ ನೋಡಿ ಇನ್ನೊಂದಕ್ಕೆ ಇಳಿಸಬೇಕು. ಇದು ಮುಖ ಅಂದುಕೊಂಡರೆ ಕೈ ತಪ್ಪುತ್ತದೆ. ಹೀಗೆ ಒಂದೊಂದೇ ಚೌಕ ದಾಟುವಾಗ, ಇಷ್ಟು ವರ್ಷ ಕಾಣದಿದ್ದುದು ಕಂಡಿತು: ಅಪ್ಪನ ಕಿವಿಯ ಹಿಂದೆ ಯಾರದೋ ನಾಲ್ಕು ಬೆರಳು. ತಲೆ ವಾಲದಂತೆ ಹಿಂದಿನಿಂದ ಹಿಡಿದಿದ್ದರು.

"ಅದೊಂದು ಬಿಡ ತಂಗಿ," ಎಂದಳು ಅವ್ವ. ಬಿಟ್ಟೆ.

ಮೂಗು, ಮೀಸೆ, ಒಳಸೇರಿದ ಕೆನ್ನೆ ಎಲ್ಲ ಬಂದವು. ಕಣ್ಣಿನ ಚೌಕಗಳು ಮಾತ್ರ ಖಾಲಿ ಉಳಿದವು. ಸುದ್ದಿಪೇಪರಿನ ಫೋಟೊದಲ್ಲಿದ್ದ ಯಾರದೋ ಕಣ್ಣು ನೋಡಿ ಇಳಿಸಿದೆ.

"ಇಂವ ಯಾವ ಫೌಜದಾರನೋ! ಮನಿ ಹೊಕ್ಕು ಬೈಯಾಂವ್ನಂಗ ಕಾಣ್ತಾನ."

ಅಳಿಸಿ, ಕನ್ನಡಿ ನೋಡಿಕೊಂಡು ನನ್ನ ಕಣ್ಣನ್ನೇ ತೆಗೆದೆ.

"ಇವು ನಿನ್ನವು. ನಿನ್ನ ಮಾರಿ ನಾ ದಿನಾ ನೋಡ್ತೇನಿ."

ಮತ್ತೆ ಅಳಿಸಿದೆ, ಮತ್ತೆ ತೆಗೆದೆ. "ಇಷ್ಟು ಸಾಲಿ ಕಲತಿ, ಎರಡು ಕಣ್ಣು ತಗಿಯಾಕ ಬರವಲ್ಲದ?" ಎಂದು ಅವಳು ಚುಚ್ಚಿದಾಗ ನನಗೂ ಸಿಟ್ಟು ಬಂತು.

"ಹೆಂಗಿದ್ದುವು ಅಂತಾದ್ರೂ ಹೇಳ ಬೇ! ಸಣ್ಣವೋ, ದೊಡ್ಡವೋ? ನೋಡಿದಾಕಿ ನೀನಲ್ಲೇನ?"

ಅವ್ವನ ರಾಟಿ ನಿಂತಿತು. ನೂಲಿನ ಎಳೆ ಹರಿಯಿತೇನೋ ಎಂದುಕೊಂಡೆ. ಹರಿದಿರಲಿಲ್ಲ.

"ಎಲ್ಲಿ ನೋಡೇನಿ, ಯವ್ವಾ. ಅತ್ತಿ ಮಾವ ಇದ್ದ ಮನಿ. ಗಂಡನ ಮಾರಿ ನೋಡಿ ಮಾತಾಡಿದ್ರ ಸೊಸಿಗಿ ನಾಚಿಕಿಲ್ಲ ಅಂತಿದ್ರು. ತಲಿ ಬಗ್ಗಿಸೇ ರೊಟ್ಟಿ ನೀಡ್ತಿದ್ದೆ. ಅವರ ಕಾಲು ಕೇಳು, ಬೆರಳ ಸೈತ ಹೇಳ್ತೇನಿ. ಸತ್ತು ಕುಂತಾಗ ಯಾರೂ ಬೈಲಿಲ್ಲ. ಅವತ್ತ ಮಾರಿ ತುಂಬ ನೋಡಿದೆ."

ಅಪ್ಪನ ಕಡೆಯ ಹಿರಿಯರು ಯಾರೂ ಉಳಿದಿರಲಿಲ್ಲ. ಕೇಳಬೇಕೆಂದರೆ ಇನ್ನೊಬ್ಬರಿಲ್ಲ. ನಾನು ರಬ್ಬರು ತೆಗೆದುಕೊಂಡು ಕಣ್ಣಿನ ಚೌಕಗಳನ್ನು ಮತ್ತೆ ಉಜ್ಜಿದೆ.

"ಕಣ್ಣು ಮುಚ್ಚಿದಂಗ ತಗಿ," ಎಂದಳು. "ಅದರಾಗಾದ್ರೂ ಅವರ ಗುರುತು ಹತ್ತತೈತಿ ನನಗ."

ಉಜ್ಜಿ ಉಜ್ಜಿ ಆ ಜಾಗದಲ್ಲಿ ಕಾಗದ ತೆಳುವಾಗಿ ನಾರೆದ್ದಿತ್ತು. ಪೆನ್ಸಿಲ್ ಸರಿಯಾಗಿ ಹಿಡಿಯುತ್ತಿರಲಿಲ್ಲ. ಫೋಟೊದಲ್ಲಿದ್ದಂತೆಯೇ ಎರಡೂ ರೆಪ್ಪೆಗಳನ್ನು ಮುಚ್ಚಿದೆ. ಅವ್ವ ಎದ್ದು ಬಂದು ಬಗ್ಗಿ ನೋಡಿದಳು.

"ಹೂಂ. ಇವರೇ ನೋಡ," ಎಂದು ಮತ್ತೆ ರಾಟಿಗೆ ಕೂತಳು.