ಮೇಷ್ಟ್ರು ಒಳಗಿಟ್ಟ ರಿಪೋರ್ಟುಗಳು

ನಮ್ಮ ಜಾವಾ ಮೇಷ್ಟ್ರು ಟೈಪ್ ಮಾಡುತ್ತಿದ್ದುದು ಎರಡೇ ತೋರುಬೆರಳಲ್ಲಿ. ಮಿಕ್ಕ ಬೆರಳುಗಳು ಬಸ್ಸಿನ ಕಂಡಕ್ಟರ್ ಚಿಲ್ಲರೆ ಹಿಡಿದ ಹಾಗೆ ಒಳಕ್ಕೆ ಮಡಚಿರುತ್ತಿದ್ದವು. ಬಿಟಿಎಂ ಬಡಾವಣೆಯಲ್ಲಿ ಮೊಬೈಲ್ ರಿಪೇರಿ ಮಾಡಿಕೊಂಡಿದ್ದ, ಪಿಯುಸಿ ದಾಟದ ನನಗೆ ಜಯನಗರದ ಸಂಜೆ ಕ್ಲಾಸಿನಲ್ಲಿ ಕೋಡ್ ಬರೆಯಲು ಕಲಿಸಿದವರು ಅವರು. ಇಂದು ಜೆ.ಪಿ. ನಗರದಲ್ಲಿ ನನ್ನದೊಂದು ಸಾಫ್ಟ್‌ವೇರ್ ಅಂಗಡಿಯ ಬೋರ್ಡು ಇದೆಯೆಂದರೆ ಅದು ಆ ಎರಡು ಬೆರಳಿನ ಋಣ.

ಕ್ಲಾಸಿನ ಜೊತೆಗೆ ಅವರು ವೆಬ್‌ಸೈಟುಗಳನ್ನೂ ಮಾಡಿಕೊಡುತ್ತಿದ್ದರು, ವ್ಯಾಪಾರ ಮಾತ್ರ ಬರುತ್ತಿರಲಿಲ್ಲ. "ಗಿರಾಕಿ ಹೂಂ ಅಂದ್ಮೇಲೆ ಸುಮ್ನಿರಿ ಸಾರ್" ಎನ್ನುತ್ತಿದ್ದೆ. "ಇದ್ರಲ್ಲಿ ಇನ್ನೊಂದು ತೊಂದ್ರೆ ಇದೆ ನೋಡಿ" ಎಂದು ಅವರೇ ಗಿರಾಕಿಗೆ ಹೇಳಲು ಕೂರುತ್ತಿದ್ದರು.

ಪುಟ್ಟೇನಹಳ್ಳಿಯ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ವೆಬ್‌ಸೈಟ್ ಮಾಡಿಕೊಟ್ಟರು. ರಿಪೋರ್ಟುಗಳನ್ನೆಲ್ಲ ವೆಬ್-ಇನ್ಫ್ ಎಂಬ ಫೋಲ್ಡರಿನೊಳಗೆ ಇಟ್ಟರು. ಅಲ್ಲಿರುವುದನ್ನು ಬ್ರೌಸರಿನಲ್ಲಿ ವಿಳಾಸ ಹೊಡೆದು ಯಾರೂ ನೇರವಾಗಿ ತೆರೆಯಲಾಗದು. ಲಾಗಿನ್ ಆದವರಿಗೆ, ಅವರವರದನ್ನು ಮಾತ್ರ, ಪ್ರೋಗ್ರಾಮೇ ತಂದುಕೊಡಬೇಕು. ಪಾಸ್‌ವರ್ಡ್ ಮರೆತವರು ಕೌಂಟರಿನಲ್ಲಿ ಗೊಣಗಿದರು.

"ಹೊರಗಡೆ ಹಾಕ್ಬಿಡಿ ಸಾರ್, ವಾಟ್ಸಾಪಲ್ಲಿ ಲಿಂಕ್ ಕಳಿಸ್ತೀವಿ," ಎಂದರು ಲ್ಯಾಬಿನ ಮಾಲೀಕರು. "ಕಂಡೋರ ಶುಗರ್ ಎಷ್ಟಿದೆ ಅಂತ ಯಾರು ನೋಡ್ತಾರೆ?"

"ನೋಡೋರು ನೋಡ್ತಾರೆ. ನಾನು ಹಾಕಲ್ಲ," ಎಂದರು ಮೇಷ್ಟ್ರು.

ಅಂಗಡಿ ಇಟ್ಟವರಿಗೆ ನನ್ನದೊಂದು ಬುದ್ಧಿಮಾತು: ಕೆಲಸ ಕೈತಪ್ಪಿದರೂ ಆಗಲ್ಲ ಎನ್ನುವವರನ್ನು ಬಿಡಬೇಡಿ. ಮಾಲೀಕರು ಬಿಟ್ಟರು, ಬೇರೆಯವರಿಂದ ಹೊರಗೆ ಹಾಕಿಸಿದರು. ಲಿಂಕಿನ ಕೊನೆಯ ಅಂಕಿ ಬದಲಿಸಿದರೆ ಸಾಕು, ಇನ್ನೊಬ್ಬರ ರಿಪೋರ್ಟು ತೆರೆಯುತ್ತಿತ್ತು. ಹಾಗೆ ತೆರೆದ ಯಾರೋ ಪುಣ್ಯಾತ್ಮರು ಒಬ್ಬ ಹುಡುಗಿಯ ರಿಪೋರ್ಟನ್ನು ಅವಳ ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದರು. ನಿಶ್ಚಯವಾಗಿದ್ದ ಮದುವೆ ಮುರಿಯಿತು. "ಸೈಟ್ ಮಾಡಿದ್ದು ಮೇಷ್ಟ್ರು, ಅವರನ್ನೇ ಕೇಳಿ" ಎಂದು ಮಾಲೀಕರು ಅದನ್ನು ಅವರ ತಲೆಗೆ ಕಟ್ಟಿದರು. ಮಾತು ಜಯನಗರಕ್ಕೂ ಮುಟ್ಟಿತು. ಕ್ಲಾಸಿನವರು ಮೇಷ್ಟ್ರನ್ನು ಕೆಲಸದಿಂದ ಬಿಡಿಸಿದರು.

"ಮಾಲೀಕರಿಗೆ ಲಾಯರ್ ನೋಟಿಸ್ ಕೊಡೋಣ ಸಾರ್," ಎಂದೆ.

"ಕೇಸ್ ಅಂತ ಹೋದ್ರೆ ಆ ಮಗು ರಿಪೋರ್ಟನ್ನ ಇನ್ನಷ್ಟು ಜನ ಓದ್ತಾರಪ್ಪ. ಬೇಡ."

ಆ ಒಂದು ರಿಪೋರ್ಟನ್ನು ಅಳಿಸಿ ಮಾಲೀಕರು ಸುಮ್ಮನಾದರು. ಮಿಕ್ಕವರ ಲಿಂಕುಗಳು ಇನ್ನೂ ತೆರೆಯುತ್ತಿದ್ದಾಗಲೇ ಮೇಷ್ಟ್ರು ಹೃದಯಾಘಾತವಾಗಿ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆಯ ದಿನ ಮಾಲೀಕರು ನನ್ನ ಪಕ್ಕದ ಎಲೆಗೇ ಬಂದು ಕುಳಿತರು. "ಆ ಫೈಲೆಲ್ಲ ವಾಪಸ್ ಒಳಗೆ ಹಾಕ್ಬೇಕಲ್ಲ ಗುರು, ಎಷ್ಟಾಗುತ್ತೆ?"

"ತಪ್ಪು ಮೇಷ್ಟ್ರದ್ದಲ್ಲ ಅಂತ ಈ ಪಂಕ್ತೀಲಿ ಕೂತಿರೋರಿಗೆ ಹೇಳಿ. ಬಿಟ್ಟಿ ಮಾಡ್ಕೊಡ್ತೀನಿ."

ಮಾಲೀಕರು ಎಲೆಯ ಸುತ್ತ ನೀರು ತಿರುಗಿಸಿದರು. "ಅದಿರ್ಲಿ, ಸರಿಯಾಗೊಂದು ರೇಟ್ ಹೇಳು."