ಮಂಚಕ್ಕೆ ಕಟ್ಟಿದ ಕೌದಿ

ನಮ್ಮ ಕಡೆ ಕೌದಿ ಹೊಲಿಯಲು ಯಾರೂ ಚೌಕಟ್ಟು ಕಟ್ಟುವುದಿಲ್ಲ. ಸಾರಿಸಿದ ನೆಲವೇ ಸಾಕು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಅದರ ಮೇಲೆಯೇ ಕೂತು ಅಂಚಿನಿಂದ ಒಳಗೊಳಗೆ ಹೊಲಿಯುತ್ತ ಹೋಗುವುದು. ಕೂತವಳ ಮೈಭಾರಕ್ಕೆ ಬಟ್ಟೆ ಸರಿಯದೆ ನಿಲ್ಲುತ್ತದೆ. ಬಾದಾಮಿಯ ತವರುಮನೆಯಲ್ಲಿ ನನ್ನ ತಾಯಿ ಹಾಗೆ ಹೊಲಿಯುತ್ತಿದ್ದಳು, ಇಳಕಲ್ಲಿನ ಅತ್ತೆಯೂ ಹಾಗೆಯೇ. ನೆಲದ ಮೇಲೆ ಕೂರಲಾಗದವಳಿಗೆ ಮಾತ್ರ ಚೌಕಟ್ಟೋ, ಬಟ್ಟೆಯನ್ನು ಬಿಗಿಹಿಡಿಯುವ ಕಟ್ಟಿಗೆಯ ಬಳೆಯೋ ಎಂಬ ಪ್ರಶ್ನೆ ಬರುತ್ತದೆ. ನನಗೆ ಅದು ಬಂದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ.

ಗಂಡನ ಮನೆಯ ಪಡಸಾಲೆಯಲ್ಲಿ ಮೂರು ಮಗ್ಗಗಳಿದ್ದವು. ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಆ ವರ್ಷ ಒಂದು ಮಗ್ಗವನ್ನು ಬಿಚ್ಚಿ ಮೂಲೆಗಿಟ್ಟು, ಖಾಲಿ ಕುಣಿಯ ಮೇಲೆ ಗೋಣಿತಟ್ಟು ಹಾಸಿದ್ದರು. ಯಾರೋ ಹಲಗೆ ಹಾಕುವವರಿದ್ದರು, ಹಾಕಿರಲಿಲ್ಲ. ತುಂಬಿದ ಕೊಡ ಹೊತ್ತು ಒಳಗೆ ಬಂದ ನಾನು ಆ ತಟ್ಟಿನ ಮೇಲೆ ಕಾಲಿಟ್ಟೆ.

ತೊಡೆಯ ಎಲುಬು ಮುರಿದಿತ್ತು. ಯಾರದೋ ಜೀಪಿನಲ್ಲಿ ಬಾಗಲಕೋಟೆಗೆ ಒಯ್ದರು. ಹುನಗುಂದ ದಾಟುವವರೆಗೆ ಒಂದೊಂದು ತಗ್ಗಿಗೂ ಚೀರಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಮೂರು ತಿಂಗಳು ಮಂಚ ಬಿಟ್ಟು ಇಳಿಯಬಾರದು ಎಂದು ಹೇಳಿ ಕಳಿಸಿದರು. ಮನೆಯ ಒಳಕೋಣೆಯಲ್ಲಿ ನನ್ನ ಮಂಚ ಹಾಕಿದರು. ಅಲ್ಲಿ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಅದರಿಂದ ಬಿದ್ದ ಬಿಸಿಲು ಮುಂಜಾನೆ ಎದುರು ಗೋಡೆಯ ಮೇಲಿರುತ್ತಿತ್ತು, ಮಧ್ಯಾಹ್ನ ನನ್ನ ಹೊಟ್ಟೆಯ ಮೇಲೆ, ಸಂಜೆ ಬಾಗಿಲ ಹತ್ತಿರ. ದಿನವಿಡೀ ನಾನು ನೋಡುತ್ತಿದ್ದದ್ದು ಅದೊಂದನ್ನೇ.

ಮಗಳಿಗೆ ಆಗ ಹದಿನಾಲ್ಕು ತಿಂಗಳು. ನನ್ನ ಹತ್ತಿರ ಬಂದರೆ ಕಾಲು ಅಲುಗಿಸಿಬಿಡುತ್ತಾಳೆ ಎಂದು ಅವಳನ್ನು ಕೋಣೆಯಿಂದ ದೂರ ಇಟ್ಟರು. ಅದೇ ವಾರ ಮೊಲೆ ಬಿಡಿಸಿದರು. ನಡುಮನೆಯಲ್ಲಿ ಅವಳು ಅತ್ತರೆ ನನ್ನ ಎದೆ ಬಿಗಿದು ಕುಪ್ಪಸ ತೋಯುತ್ತಿತ್ತು. ಕೆಲವು ದಿನಗಳಲ್ಲಿ ಅದೂ ನಿಂತಿತು. ಅವಳು ಅತ್ತೆಯನ್ನು ‘ಅವ್ವಾ’ ಎಂದು ಕರೆಯುವುದು ಕೇಳಿಸತೊಡಗಿತು. ನಾನು ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದೆ. ಊಟದ ತಾಟು ಹಾಗೇ ವಾಪಸು ಹೋಗುತ್ತಿತ್ತು.

ಅತ್ತೆ ಕೆಟ್ಟವರಲ್ಲ. ನಾನು ಊಟ ಬಿಟ್ಟದ್ದನ್ನು ನೋಡಿ ಹೆದರಿದ್ದರು ಎಂದು ಈಗ ಅನಿಸುತ್ತದೆ. ಆಗ ಅದನ್ನು ತೋರಿಸದೆ, "ಕೈಯಾಗ ಏನರ ಕೆಲಸ ಇರಬೇಕವಾ, ಇಲ್ಲಂದ್ರ ತಲಿ ಕೆಡತೈತಿ" ಎಂದು ಒಂದು ದಿನ ಕೌದಿಯ ಬಟ್ಟೆಗಳನ್ನು ತಂದು ನನ್ನ ಎದೆಯ ಮೇಲೆ ಹಾಕಿದರು. ಬೆನ್ನಿಗೆ ಎರಡು ದಿಂಬು ಕೊಟ್ಟರು. ಮಲಗಿಕೊಂಡು ಹೊಲಿಯಲು ಹೋದರೆ ನಾಲ್ಕು ಪದರಗಳೂ ನಾಲ್ಕು ದಿಕ್ಕಿಗೆ ಜಾರಿದವು. ಹಾಕಿದ ಹೊಲಿಗೆಯೆಲ್ಲ ನಿರಿಗೆಗಟ್ಟಿತು. ಗಂಡ ಬಾಗಲಕೋಟೆಗೆ ಹೋದಾಗ ಕಸೂತಿ ಹಾಕುವ ಬಳೆಯೊಂದನ್ನು ತಂದುಕೊಟ್ಟರು. ಅದು ಒಂದು ಪದರದ ತೆಳು ಬಟ್ಟೆಗೆ ಮಾಡಿದ್ದು. ಕೌದಿಯ ಮೇಲೆ ಒತ್ತಿ ತಿರುಪು ಬಿಗಿಮಾಡಿದ ಕೂಡಲೇ ಟಪ್ಪೆಂದು ಮುರಿಯಿತು.

ಆಮೇಲೆ ಬಡಿಗೇರ ಮುದುಕನನ್ನು ಕರೆಸಿದರು. ಓಣಿಯ ಮಗ್ಗಗಳನ್ನೆಲ್ಲ ದುರಸ್ತಿ ಮಾಡುತ್ತಿದ್ದವನು ಅವನೇ. ಹುರಿ ಹಿಡಿದು ಮಂಚದ ಉದ್ದ ಅಳೆದ, ಅಡ್ಡ ಅಳೆದ, ಕಾಲಿನ ಎತ್ತರ ಅಳೆದ. ನಂತರ ಅತ್ತೆಯನ್ನು ಕೇಳಿದ:

"ಎರಡು ನಮೂನಿ ಮಾಡಬಹುದು ಯಕ್ಕಾ. ಮಂಚಕ್ಕ ನಾಕು ಗೂಟ ಹೊಡದು ಮ್ಯಾಲೆ ಚೌಕಟ್ಟ ಕುಂದರಿಸೋದು ಒಂದು. ಇಲ್ಲಂದ್ರ ಕೈಯಾಗ ಹಿಡಿಯೂವಂಥಾ ದೊಡ್ಡ ಬಳಿ. ಯಾವುದು ಬೇಕು?"

"ಚೌಕಟ್ಟನ ಮಾಡು. ಹೊಲಿಗಿ ಸಾಲು ಸೊಟ್ಟ ಆಗೂದಿಲ್ಲ" ಎಂದರು ಅತ್ತೆ.

ಗಂಡ ಹೌದೆಂದರು. ಮಂಚದ ಮೇಲಿದ್ದ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಬಿಚ್ಚಿಟ್ಟ ಮಗ್ಗದ ಮರದಲ್ಲೇ ಅದನ್ನು ಮಾಡಿದ. ನನ್ನ ಎದೆಯ ಮೇಲೊಂದು ಅಡ್ಡಪಟ್ಟಿ, ಪಾದದ ಆಚೆ ಇನ್ನೊಂದು, ಎರಡೂ ಕಡೆ ಉದ್ದನೆಯ ಪಟ್ಟಿ. ಕೌದಿಯ ಅಂಚನ್ನು ನಾಲ್ಕೂ ಪಟ್ಟಿಗಳಿಗೆ ದಪ್ಪ ದಾರದಿಂದ ಬಿಗಿದು ಹೊಲಿದರು. ಅತ್ತೆಯೂ ಗಂಡನೂ ಆಚೆ ಈಚೆ ಹಿಡಿದು ಮುಂಜಾನೆ ಅದನ್ನು ಗೂಟಗಳ ಮೇಲೆ ಇಳಿಸುತ್ತಿದ್ದರು, ಉಣ್ಣುವ ಹೊತ್ತಿಗೆ ಎತ್ತುತ್ತಿದ್ದರು. ನಡುವೆ ಬಾಯಾರಿದರೂ ಬೆನ್ನು ಉರಿದರೂ ಇಬ್ಬರು ಬರುವವರೆಗೆ ಕಾಯಬೇಕು. ಬಿಸಿಲು ಈಗ ನನ್ನ ಹೊಟ್ಟೆಯ ಮೇಲೆ ಬೀಳದೆ ಕೌದಿಯ ಮೇಲೆ ಬೀಳುತ್ತಿತ್ತು. ಕೆಳಗೆ ನನ್ನ ಕಾಲು ಕತ್ತಲೆಯಲ್ಲಿರುತ್ತಿತ್ತು. ಹೊಲಿಗೆ ಮಾತ್ರ ಚಂದ ಬೀಳುತ್ತಿತ್ತು. ನೋಡಲು ಬಂದ ಓಣಿಯ ಹೆಂಗಸರು, "ನಮ್ಮದೂ ಒಂದು ಹೊಲದು ಕೊಡವಾ, ಹೆಂಗೂ ಮಲಗೇ ಇರ್ತಿ" ಎಂದು ತಮ್ಮ ಹಳೆಯ ಸೀರೆಗಳ ಗಂಟು ಇಟ್ಟುಹೋಗತೊಡಗಿದರು. ಮೂಲೆಯಲ್ಲಿ ಗಂಟುಗಳು ಬೆಳೆದವು. ಪ್ಲಾಸ್ಟರ್ ಬಿಚ್ಚಿದರೂ ನಾನು ಇದರ ಕೆಳಗಿನಿಂದ ಏಳಲಾರೆ ಎಂದು ಅವುಗಳನ್ನು ನೋಡಿದಾಗಲೆಲ್ಲ ಅನಿಸುತ್ತಿತ್ತು.

ಎರಡನೆಯ ತಿಂಗಳು ಮುಗಿಯುತ್ತಿದ್ದ ಒಂದು ಮುಂಜಾನೆ ಅತ್ತೆ ಹಿಟ್ಟಿನ ಗಿರಣಿಗೆ ಹೋದರು. ಮಗಳು ನಡುಮನೆಯಲ್ಲಿ ಮಲಗಿದ್ದಳು. ಪಡಸಾಲೆಯಲ್ಲಿ ಮಗ್ಗಗಳು ನಡೆದಿದ್ದವು. ಸ್ವಲ್ಪ ಹೊತ್ತಿಗೆ ಮಂಚದ ಕಾಲಿನ ಕಡೆ ಏನೋ ಸರಿದಾಡಿದಂತಾಯಿತು. ಮಗಳು ಎದ್ದು ಬಂದು, ಮಂಚದ ಪಟ್ಟಿ ಹಿಡಿದು ಹತ್ತಿ, ಚೌಕಟ್ಟಿನ ಕೆಳಗೆ ನುಸುಳಿದ್ದಳು. ನನಗೆ ಅವಳು ಕಾಣಿಸುತ್ತಿರಲಿಲ್ಲ. ಬಿಗಿದ ಕೌದಿಯ ನಡುವೆ ಒಂದು ಉಬ್ಬು ಎದ್ದು, ನಿಧಾನವಾಗಿ ನನ್ನ ಕಡೆ ಬರುತ್ತಿತ್ತು. ಅದು ಅವಳ ತಲೆ.

ತೊಡೆಯ ಹತ್ತಿರ ಬಂದು ಉಬ್ಬು ನಿಂತಿತು. ಪ್ಲಾಸ್ಟರಿಗೂ ಬಿಗಿದ ಬಟ್ಟೆಗೂ ನಡುವೆ ಅವಳು ಸಿಕ್ಕಿಕೊಂಡಿದ್ದಳು. ಮುಂದೆ ಬರಲಾಗದು, ಹಿಂದೆ ಹೋಗಲು ತಿಳಿಯದು. ಅಳತೊಡಗಿದಳು. ಬಟ್ಟೆಯೊಳಗೆ ಆ ಅಳು ಮುಚ್ಚಿದಂತೆ ಕೇಳುತ್ತಿತ್ತು. ಅಡ್ಡಪಟ್ಟಿಯ ಕೆಳಗಿಂದ ಕೈ ಚಾಚಿದೆ. ಬೆರಳ ತುದಿಗೆ ಅವಳ ಕೂದಲು ತಗುಲಿತು, ಹಿಡಿಯಲು ಸಿಗಲಿಲ್ಲ. ಗಂಡನನ್ನು ಕೂಗಿದೆ. ಮಗ್ಗದ ಸಪ್ಪಳದಲ್ಲಿ ನನ್ನ ದನಿ ಬಾಗಿಲು ಸಹ ದಾಟಿರಲಿಕ್ಕಿಲ್ಲ. ಉಬ್ಬು ಒದ್ದಾಡಿ, ಅಳು ಬಿಕ್ಕಾಗಿ, ಆ ಬಿಕ್ಕೂ ಸಣ್ಣದಾಗತೊಡಗಿತು.

ಕತ್ತರಿ ನನ್ನ ಮಗ್ಗುಲಲ್ಲೇ ಇತ್ತು. ಕೌದಿಯ ನಡುಮಧ್ಯೆ ತುದಿ ಚುಚ್ಚಿ ಕತ್ತರಿಸಿದೆ. ನಾಲ್ಕು ಪದರ, ನಾನೇ ಒತ್ತೊತ್ತಾಗಿ ಹಾಕಿದ ಹೊಲಿಗೆ. ಕತ್ತರಿ ಸರಿಯಾಗಿ ಓಡಲಿಲ್ಲ. ಕೊನೆಗೆ ಎರಡೂ ಕೈ ಹಾಕಿ ಹರಿದೆ. ಬೆವತ ತಲೆಯೊಂದು ತೂತಿನಿಂದ ಮೇಲೆ ಬಂತು. ಕಂಕುಳಲ್ಲಿ ಕೈಕೊಟ್ಟು ಎಳೆದುಕೊಂಡೆ. ಅವಳು ನನ್ನ ಎದೆಯ ಮೇಲೆ ಬಿದ್ದು, ಕುತ್ತಿಗೆಯನ್ನು ಉಗುರು ನಾಟುವಂತೆ ಹಿಡಿದಳು. ಎರಡು ತಿಂಗಳಾದ ಮೇಲೆ ಅವಳ ಭಾರ ನನ್ನ ಮೈಮೇಲೆ ಬಂದಿತ್ತು. ಮೊದಲಿಗಿಂತ ಹೆಚ್ಚಾಗಿತ್ತು.

ಅತ್ತೆ ಬಂದು ಬಾಗಿಲಲ್ಲಿ ನಿಂತರು. ಹಿಟ್ಟಿನ ಡಬ್ಬಿ ಸೊಂಟದ ಮೇಲೇ ಇತ್ತು. ಆ ಕೌದಿಯ ಮೇಲ್ಪದರ ಅವರ ಮದುವೆಯ ಸೀರೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

"ಕೂಸು ಒಳಗ ಸಿಕ್ಕಿತ್ತರಿ ಅತ್ತಿ" ಎಂದೆ.

ಅವರು ಡಬ್ಬಿ ಇಳಿಸಿ, ಮಗುವಿಗೆ ಕೈ ಚಾಚಿದರು. ಅವಳು ಹೋಗಲಿಲ್ಲ, ನನ್ನ ಕುತ್ತಿಗೆಯನ್ನು ಇನ್ನೂ ಗಟ್ಟಿ ಹಿಡಿದಳು. ಅತ್ತೆ ಹರಿದ ಅಂಚನ್ನು ಮುಟ್ಟಿ ನೋಡಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ಕೇಳಿದರು: "ನಿನಗ ಎಂಥಾದ್ದು ಬೇಕಾಗಿತ್ತವಾ? ಅವತ್ತ ಬಾಯಿಬಿಟ್ಟು ಹೇಳಬಾರದಾಗಿತ್ತಾ?"

"ಬಳಿ" ಎಂದೆ. "ನನ್ನ ಕೈಲೇ ಎತ್ತಿ ಇಡೂವಂಥಾದ್ದು."

ಬಡಿಗೇರ ಮೂರು ಜೊತೆ ಬಳೆ ತಂದ. ಹಿಟ್ಟು ಸೋಸುವ ಸಾಣಿಗೆಗೆ ಹಾಕುತ್ತಾರಲ್ಲ, ಅಂಥ ಬಾಗಿಸಿದ ಕಟ್ಟಿಗೆಯ ಬಳೆಗಳು, ಒಂದರೊಳಗೆ ಒಂದು ಕೂರುವಂತೆ. ಈ ಸಲ ಅವನು ನನ್ನನ್ನೇ ಕೇಳಿದ: "ನೋಡು ತಂಗಿ, ಯಾವುದು ಕೈಗೆ ಹೊಂದತೈತಿ."

ದೊಡ್ಡದರ ಅಂಚಿಗೆ ಮೊಣಕೈ ಊರಿದರೆ ಅಡಿಯಿಂದ ಸೂಜಿ ತಳ್ಳುವ ಕೈ ನಡುಮಧ್ಯಕ್ಕೆ ಮುಟ್ಟುತ್ತಿರಲಿಲ್ಲ. ಸಣ್ಣದರಲ್ಲಿ ನಾಲ್ಕು ಹೊಲಿಗೆ ಹಾಕುವುದರೊಳಗೆ ಸರಿಸಬೇಕಾಗುತ್ತಿತ್ತು. ನಡುವಿನದು ಸರಿಹೋಯಿತು. ಅಂಚಿನ ಸಿಬಿರನ್ನು ಉಜ್ಜಿಸಿದೆ. ಒಳಬಳೆಗೆ ಹಳೆಯ ಧೋತರದ ಪಟ್ಟಿ ಸುತ್ತಿದೆ, ಬಟ್ಟೆ ಜಾರದಿರಲೆಂದು. ಡೊಳ್ಳಿನ ಚರ್ಮದ ಹಾಗೆ ಬಿಗಿಯಬಾರದು ಎಂಬುದು ಹೊಲಿಯುತ್ತ ತಿಳಿಯಿತು. ಸ್ವಲ್ಪ ಸಡಿಲಿದ್ದರೆ ಸೂಜಿ ಒಂದೇ ಸಲಕ್ಕೆ ಮೂರು ಹೊಲಿಗೆ ಹಿಡಿಯುತ್ತದೆ. ಮಗಳು ಬಂದಾಗ ಬಳೆ ತೆಗೆದು ಪಕ್ಕಕ್ಕಿಡುತ್ತಿದ್ದೆ. ಯಾರನ್ನೂ ಕರೆಯಬೇಕಾಗಿರಲಿಲ್ಲ. ಓಣಿಯವರ ಗಂಟುಗಳನ್ನು ಅತ್ತೆಯೇ ಒಂದೊಂದಾಗಿ ವಾಪಸು ಕೊಟ್ಟು ಬಂದರು. ಏನು ಹೇಳಿ ಕೊಟ್ಟರೋ ತಿಳಿಯದು.

ಮೂರು ತಿಂಗಳಿಗೆ ಪ್ಲಾಸ್ಟರ್ ಬಿಚ್ಚಲಿಲ್ಲ. ಎಲುಬು ಸರಿಯಾಗಿ ಕೂಡಿಲ್ಲವೆಂದು ಮತ್ತೆ ಹಾಕಿದರು. ಎಲ್ಲ ಸೇರಿ ಹತ್ತು ತಿಂಗಳಾಯಿತು. ಬಿಚ್ಚಿದಾಗ ಎಡಗಾಲು ಎರಡು ಬೆರಳಷ್ಟು ಗಿಡ್ಡಾಗಿತ್ತು. ಕುಂಟುವ ಹೆಂಡತಿ ಹೊರಗೆ ಕಾಣುವುದು ಗಂಡನಿಗೆ ಸರಿಬರಲಿಲ್ಲ. ಮಂಚ ಬಿಟ್ಟವಳು ಮನೆ ಬಿಡಲಾಗದೆ, ಅಡುಗೆಮನೆ ಮತ್ತು ಒಳಕೋಣೆಯ ನಡುವೆ ಗೋಡೆ ಹಿಡಿದು ಓಡಾಡಿದೆ. ಒಂದು ಯುಗಾದಿ ಕಳೆಯಿತು, ಇನ್ನೊಂದೂ ಕಳೆಯಿತು. ಬಾದಾಮಿಯಿಂದ ಕರೆಯಲು ಬಂದ ಅಣ್ಣ ಎರಡು ಸಲ ಬರಿಗೈಯಲ್ಲಿ ಹಿಂದಿರುಗಿದ.

ಎಂಬತ್ತರ ದಶಕ ಶುರುವಾದ ಮೇಲಿನ ಮಾತು. ಒಂದು ಸಂಜೆ ಅತ್ತೆ ಒಂದು ಸ್ಟೂಲು ಹೊತ್ತೊಯ್ದು ಮುಂಬಾಗಿಲಿನ ಕಟ್ಟೆಯ ಮೇಲಿಟ್ಟು, ಒಳಗೆ ಬಂದು ನನ್ನ ರಟ್ಟೆ ಹಿಡಿದರು. ಗಂಡ ಮಗ್ಗದಿಂದ ತಲೆಯೆತ್ತಿ, "ಏನ್ ಬೇ ಯವ್ವಾ, ಮಂದಿ ನೋಡ್ತಾರ" ಎಂದರು.

"ನೋಡ್ಲಿ" ಎಂದರು ಅತ್ತೆ. "ಆಕೀನೂ ಮಂದೀನ ನೋಡ್ಲಿ."

ಗಂಡ ಮತ್ತೆ ಮಗ್ಗಕ್ಕೆ ತಲೆಬಾಗಿಸಿದರು. ನಾನು ಹೊಸಿಲು ದಾಟಿ ಕಟ್ಟೆಯ ಮೇಲೆ ಕೂತೆ. ಎದುರು ಮನೆಗೆ ಹಸಿರು ಬಣ್ಣ ಹಚ್ಚಿದ್ದರು. ಇಬ್ಬರು ಹೆಂಗಸರು ಬಣ್ಣ ಹಾಕಿದ ನೂಲಿನ ಲಡಿಗಳನ್ನು ಕೋಲಿಗೆ ಹಾಕಿ ಹೊತ್ತು ಹೋಗುತ್ತಿದ್ದರು. ಅವರಲ್ಲೊಬ್ಬಳು ನನ್ನನ್ನು ಗುರುತಿಸದೆ, "ಯಾರ ಮನಿಗೆ ಬಂದೀರಿ ಅಕ್ಕಾರ?" ಎಂದು ಕೇಳಿದಳು. ನಾನು ನನ್ನ ಬೆನ್ನ ಹಿಂದಿನ ಬಾಗಿಲಿಗೆ ಕೈ ತೋರಿಸಿದೆ.