ಹರಕೆಯ ಹುಂಜ

ಚಾಮರಾಜಪೇಟೆಯ ನಮ್ಮ ವಠಾರದ ತಾರಸಿಯಲ್ಲಿ ಪಕ್ಕದ ಮನೆಯಾಕೆ ಒಂದು ಹುಂಜ ಸಾಕಿದ್ದರು. ಅದರ ಕೂಗಿನ ಬಗ್ಗೆ ಯಾರೋ ಪಾಲಿಕೆಗೆ ದೂರು ಕೊಟ್ಟರು. ಹುಂಜವನ್ನು ಹಿಡಿದೊಯ್ದರೆ ಏನು ಗತಿ ಎಂದು ಆಕೆಗೆ ದಿಗಿಲು. ನಿಯಮವೇನೆಂದು ತಿಳಿಯಲು ನಾನು ಫೋನ್ ಮಾಡಿದೆ. ಆರೋಗ್ಯ ವಿಭಾಗದವರು ಪಶುಪಾಲನೆಯವರನ್ನು ಕೇಳಿ ಎಂದರು. ಅವರು ಮತ್ತೆ ಆರೋಗ್ಯ ವಿಭಾಗಕ್ಕೇ ಕಳಿಸಿದರು. ಪತ್ರಿಕೆಯ ವರದಿಗಾರನಾಗಿ ವರ್ಷಗಟ್ಟಲೆ ಇದೇ ಸುತ್ತಾಟ ಮಾಡಿ ನನಗೆ ಸಾಕಾಗಿತ್ತು.

ಕೊನೆಗೆ ಪಾಲಿಕೆಯ ನೌಕರನೊಬ್ಬ ಗೋಣಿಚೀಲ ಹಿಡಿದು ಬಂದು ಹುಂಜಕ್ಕೆ ಕೈಚಾಚಿದ.

"ಮಾರಮ್ಮನ ಹರಕೇದು ಕಣಪ್ಪ," ಎಂದರು ಆಕೆ.

ಅವನು ಕೈ ಹಿಂದಕ್ಕೆ ತೆಗೆದ. "ಮೊದ್ಲೇ ಹೇಳ್ಬಾರ್ದೇನಮ್ಮ? ಬೇಗ ತೀರಿಸ್ಬಿಡಿ."

ಅವನು ಹೋದ ಮೇಲೆ, ಹರಕೆ ಯಾವಾಗ ಎಂದು ಕೇಳಿದೆ.

"ಹೋದ್ವರ್ಷಾನೇ ಕುಯ್ಬೇಕಿತ್ತು. ಮನಸ್ಸು ಬರ್ಲಿಲ್ಲ, ತೆಂಗಿನಕಾಯಿ ಒಡೆಸಿ ತಪ್ಪುಗಾಣಿಕೆ ಹಾಕ್ಬಂದೆ," ಎಂದರು. "ಅವ್ನಿಗೆ ಹೇಳ್ಬೇಡಿ ಸಾರ್."